ವಾರಕ್ಕೆ ಎರಡೋ ಮೂರೋ? ಡಯಾಲಿಸಿಸ್ ಲೆಕ್ಕದಲ್ಲಿ ಕಾಣೆಯಾಗುವ ರೋಗಿ

ಎಷ್ಟು ಜನರಿಗೆ ಡಯಾಲಿಸಿಸ್ ಸಿಕ್ಕಿತು ಅಂತ ಸರ್ಕಾರ ಎಣಿಸುತ್ತದೆ. ಒಬ್ಬೊಬ್ಬರಿಗೆ ಎಷ್ಟು ಸಿಕ್ಕಿತು, ಎಷ್ಟು ದಿನಕ್ಕೊಮ್ಮೆ ಸಿಕ್ಕಿತು ಅನ್ನುವುದೇ ಮುಖ್ಯ ಎನ್ನುತ್ತದೆ ಸಂಶೋಧನೆ.

2016ರ ಫೆಬ್ರವರಿ 29. ಆಗಿನ ಹಣಕಾಸು ಸಚಿವ ಅರುಣ್ ಜೇಟ್ಲಿ ಬಜೆಟ್ ಭಾಷಣದಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಿಸಿದರು. ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತ ಡಯಾಲಿಸಿಸ್ ಕೊಡುವ ಯೋಜನೆ ಅದು. ಅವರು ಕೊಟ್ಟ ಅಂಕಿಗಳು ಹೀಗಿದ್ದವು: ದೇಶದಲ್ಲಿ ಪ್ರತಿ ವರ್ಷ ಹೊಸದಾಗಿ 2.2 ಲಕ್ಷ ಜನರ ಕಿಡ್ನಿ ಪೂರ್ತಿ ಕೈಕೊಡುತ್ತದೆ. ಇದರಿಂದ ವರ್ಷಕ್ಕೆ 3.4 ಕೋಟಿ ಡಯಾಲಿಸಿಸ್‌ಗಳ ಬೇಡಿಕೆ ಹೆಚ್ಚುತ್ತದೆ; ಒಂದು ಡಯಾಲಿಸಿಸ್‌ಗೆ ಸುಮಾರು 2,000 ರೂಪಾಯಿ, ವರ್ಷಕ್ಕೆ 3 ಲಕ್ಷಕ್ಕೂ ಹೆಚ್ಚು ಖರ್ಚು; ಇರುವ ಸುಮಾರು 4,950 ಕೇಂದ್ರಗಳಿಂದ ಬೇಡಿಕೆಯ ಅರ್ಧ ಮಾತ್ರ ಪೂರೈಕೆಯಾಗುತ್ತಿದೆ.

ಇಲ್ಲಿ ಒಂದು ಸಣ್ಣ ಭಾಗಾಕಾರ ಮಾಡಿ ನೋಡಿ. 3.4 ಕೋಟಿಯನ್ನು 2.2 ಲಕ್ಷದಿಂದ ಭಾಗಿಸಿದರೆ ಒಬ್ಬ ರೋಗಿಗೆ ವರ್ಷಕ್ಕೆ ಸುಮಾರು 155 ಡಯಾಲಿಸಿಸ್. ವರ್ಷಕ್ಕೆ 52 ವಾರ. ಅಂದರೆ ವಾರಕ್ಕೆ ಮೂರು. ಒಬ್ಬ ಕಿಡ್ನಿ ರೋಗಿಗೆ ವಾರಕ್ಕೆ ಮೂರು ಡಯಾಲಿಸಿಸ್ ಬೇಕು ಅನ್ನುವುದು ಯಾವುದೋ ಕಾರ್ಪೊರೇಟ್ ಆಸ್ಪತ್ರೆಯ ಜಾಹೀರಾತಲ್ಲ. ಭಾರತ ಸರ್ಕಾರ ಸಂಸತ್ತಿನಲ್ಲಿ ಇಟ್ಟ ಲೆಕ್ಕವೇ ಅದು.

ಆದರೆ ನಮ್ಮಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುವ ಯಾರನ್ನಾದರೂ ಕೇಳಿ. "ವಾರಕ್ಕೆ ಎಷ್ಟು ಸಲ?" ಅಂದರೆ ಬಹಳಷ್ಟು ಜನ "ಎರಡು" ಅನ್ನುತ್ತಾರೆ. ಭಾರತದ ಡಯಾಲಿಸಿಸ್ ಬಗ್ಗೆ ಬಂದಿರುವ ಸಂಶೋಧನಾ ಲೇಖನಗಳೂ ಇದನ್ನೇ ಮತ್ತೆ ಮತ್ತೆ ಹೇಳುತ್ತವೆ. ಕಾಗದದ ಮೇಲಿದ್ದ ಮೂರು ಹಾಸಿಗೆಯ ಹತ್ತಿರ ಬರುವ ಹೊತ್ತಿಗೆ ಎರಡಾಗಿದ್ದು ಹೇಗೆ? ಆ ಒಂದು ಕಡಿತದಿಂದ ದೇಹಕ್ಕೆ ಏನಾಗುತ್ತದೆ?

168 ಗಂಟೆಯ ಕೆಲಸ 12 ಗಂಟೆಯಲ್ಲಿ

ಆರೋಗ್ಯವಂತ ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಅದರಲ್ಲಿ ಬಹುಪಾಲನ್ನು ದೇಹಕ್ಕೇ ವಾಪಸ್ ಕೊಟ್ಟು, ಒಂದೂವರೆ ಎರಡು ಲೀಟರ್ ಮೂತ್ರವಾಗಿ ಹೊರಹಾಕುತ್ತವೆ. ಹಗಲು ರಾತ್ರಿ, ವಾರದ 168 ಗಂಟೆಯೂ ರಜೆ ಇಲ್ಲದ ಕೆಲಸ. ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ ಡಯಾಲಿಸಿಸ್ ಅಂದರೆ 12 ಗಂಟೆ. ಒಟ್ಟು ಸಮಯದ ಶೇ. 7ರಷ್ಟು. ಎರಡೇ ಸಲ ಅಂದರೆ 8 ಗಂಟೆ, ಶೇ. 5ಕ್ಕೂ ಕಡಿಮೆ.

ಈ ಯಂತ್ರದ ಕೆಲಸವನ್ನು ಅಳೆಯಲು ಒಂದು ಸೂತ್ರ ಇದೆ. 1985ರಲ್ಲಿ ಫ್ರಾಂಕ್ ಗಾಚ್ ಮತ್ತು ಜಾನ್ ಸಾರ್ಜೆಂಟ್ ಎಂಬ ಸಂಶೋಧಕರು ಇದನ್ನು ಚಾಲ್ತಿಗೆ ತಂದರು. ಹೆಸರು ಕೆಟಿ ಬೈ ವಿ. 'ಕೆ' ಅಂದರೆ ಡಯಲೈಸರ್ ನಿಮಿಷಕ್ಕೆ ಎಷ್ಟು ರಕ್ತದಿಂದ ಯೂರಿಯಾ ತೆಗೆದುಹಾಕುತ್ತದೆ, 'ಟಿ' ಅಂದರೆ ಎಷ್ಟು ಹೊತ್ತು, 'ವಿ' ಅಂದರೆ ದೇಹದಲ್ಲಿರುವ ಒಟ್ಟು ನೀರು. 60 ಕೆಜಿ ತೂಕದ ಗಂಡಸಿನ ಮೈಯಲ್ಲಿ ಸುಮಾರು 36 ಲೀಟರ್ ನೀರು ಇರುತ್ತದೆ ಅಂದುಕೊಳ್ಳಿ. ಯಂತ್ರ ನಿಮಿಷಕ್ಕೆ 200 ಮಿಲಿ ಲೀಟರ್ ಶುದ್ಧ ಮಾಡಿದರೆ ನಾಲ್ಕು ಗಂಟೆಗೆ 48 ಲೀಟರ್. 48 ಭಾಗಿಸು 36, ಸುಮಾರು 1.33. ವಾರಕ್ಕೆ ಮೂರು ಸಲ ಮಾಡುವವರಿಗೆ ಪ್ರತಿ ಸಲವೂ ಕನಿಷ್ಠ 1.2 ಇರಬೇಕು, 1.4ರ ಗುರಿ ಇಟ್ಟುಕೊಳ್ಳಬೇಕು ಅನ್ನುವುದು ಚಾಲ್ತಿಯಲ್ಲಿರುವ ಮಾರ್ಗಸೂಚಿ.

ಈಗ ಅದೇ ರೋಗಿಯನ್ನು "ಹೊರಗೆ ಇನ್ನೊಬ್ಬರು ಕಾಯ್ತಿದ್ದಾರೆ" ಅಂತ ಮೂರೇ ಗಂಟೆಗೆ ಇಳಿಸಿದರೆ? 36 ಭಾಗಿಸು 36, ಅಂದರೆ 1.0. ರಿಜಿಸ್ಟರಿನಲ್ಲಿ ಮಾತ್ರ ಅದೂ ಒಂದು ಪೂರ್ತಿ ಡಯಾಲಿಸಿಸ್.

ಸರಿ, ವಾರಕ್ಕೆ ಎರಡೇ ಸಲ ಮಾಡಿ, ಪ್ರತಿ ಸಲವೂ ಇನ್ನಷ್ಟು ಜೋರಾಗಿ ಸೋಸಿದರೆ ಆಗದೇ ಅಂತ ಕೇಳಬಹುದು. ಇದಕ್ಕೆ ಹತ್ತಿರದ ಪ್ರಶ್ನೆಯೊಂದನ್ನು ಅಮೆರಿಕದ 'ಹಿಮೋ' ಅಧ್ಯಯನ ಪರೀಕ್ಷಿಸಿತು. ವಾರಕ್ಕೆ ಮೂರು ಸಲ ಡಯಾಲಿಸಿಸ್ ಪಡೆಯುತ್ತಿದ್ದ 1,846 ರೋಗಿಗಳಲ್ಲಿ ಕೆಲವರಿಗೆ ಮಾಮೂಲಿ ಪ್ರಮಾಣ, ಕೆಲವರಿಗೆ ಹೆಚ್ಚಿನ ಪ್ರಮಾಣ ಕೊಟ್ಟು ಹೋಲಿಸಲಾಯಿತು. 2002ರಲ್ಲಿ ಪ್ರಕಟವಾದ ಫಲಿತಾಂಶ: ಒಂದೊಂದು ಸಲದ ಪ್ರಮಾಣ ಹೆಚ್ಚಿಸಿದ್ದರಿಂದ ಸಾವು ಕಡಿಮೆಯಾಗಲಿಲ್ಲ. ಒಂದು ಮಟ್ಟದ ಮೇಲೆ ಪ್ರತಿ ಸಲದ ಶುದ್ಧೀಕರಣವನ್ನು ಎಳೆದಾಡಿ ಲಾಭವಿಲ್ಲ ಅಂದಹಾಗಾಯಿತು. ಹಾಗಾದರೆ ಎಷ್ಟು ದಿನಕ್ಕೊಮ್ಮೆ ಅನ್ನುವುದಕ್ಕೆ ಎಷ್ಟು ತೂಕ?

ಅಪಾಯ ಇರುವುದು ಬಿಡುವಿನಲ್ಲಿ

ವಾರಕ್ಕೆ ಮೂರು ಸಲ ಅಂದರೆ ಸೋಮವಾರ, ಬುಧವಾರ, ಶುಕ್ರವಾರ ಅಂತ ಇಟ್ಟುಕೊಳ್ಳಿ. ಸೋಮವಾರದಿಂದ ಬುಧವಾರಕ್ಕೆ ಎರಡು ದಿನ, ಬುಧವಾರದಿಂದ ಶುಕ್ರವಾರಕ್ಕೆ ಎರಡು ದಿನ. ಶುಕ್ರವಾರದಿಂದ ಸೋಮವಾರಕ್ಕೆ ಮಾತ್ರ ಮೂರು ದಿನ. ಈ ಒಂದು ಹೆಚ್ಚುವರಿ ದಿನದಿಂದ ಏನಾದರೂ ವ್ಯತ್ಯಾಸ ಆಗುತ್ತದಾ?

2011ರಲ್ಲಿ ರಾಬರ್ಟ್ ಫೋಲಿ ಮತ್ತು ಸಂಗಡಿಗರು ಅಮೆರಿಕದ 32,065 ರೋಗಿಗಳ ದಾಖಲೆಗಳಲ್ಲಿ ಇದನ್ನು ಹುಡುಕಿದರು. ಮೂರು ದಿನದ ಬಿಡುವು ಮುಗಿದ ದಿನ ಸಾವಿನ ದರ ನೂರು ರೋಗಿ ವರ್ಷಗಳಿಗೆ 22.1 ಇತ್ತು. ಉಳಿದ ದಿನಗಳಲ್ಲಿ 18.0. ಸುಮಾರು ಶೇ. 23ರಷ್ಟು ಹೆಚ್ಚು. ಹೃದಯಾಘಾತ, ಪಾರ್ಶ್ವವಾಯು, ಹೃದಯ ವೈಫಲ್ಯದಿಂದ ಆಸ್ಪತ್ರೆ ಸೇರುವುದೂ ಅವತ್ತೇ ಹೆಚ್ಚು.

ಕಾರಣ ಕಷ್ಟದ್ದೇನಲ್ಲ. ಮೂತ್ರ ಹೋಗದ ದೇಹದಲ್ಲಿ ಕುಡಿದ ನೀರು ಅಲ್ಲೇ ಉಳಿಯುತ್ತದೆ. ಕಾಲು ಊದುತ್ತದೆ, ಆಮೇಲೆ ಶ್ವಾಸಕೋಶದಲ್ಲಿ ತುಂಬುತ್ತದೆ, ಮಲಗಿದರೆ ಉಸಿರು ಕಟ್ಟುತ್ತದೆ. ರಕ್ತದಲ್ಲಿ ಪೊಟ್ಯಾಷಿಯಂ ಏರುತ್ತಾ ಹೋಗುತ್ತದೆ. ಅದು ಮಿತಿ ಮೀರಿದರೆ ಯಾವ ಸೂಚನೆಯೂ ಇಲ್ಲದೆ ಹೃದಯದ ಬಡಿತ ತಪ್ಪಬಹುದು. ನಮ್ಮ ಕಡೆ ಹುಷಾರಿಲ್ಲದವರನ್ನು ನೋಡಲು ಹೋಗುವವರು ಎಳನೀರು, ಬಾಳೆಹಣ್ಣು ತಗೊಂಡು ಹೋಗುತ್ತಾರೆ. ಎರಡರಲ್ಲೂ ಪೊಟ್ಯಾಷಿಯಂ ಹೇರಳ. ಡಯಾಲಿಸಿಸ್ ರೋಗಿಗೆ, ಅದರಲ್ಲೂ ಬಿಡುವಿನ ಕೊನೆಯ ದಿನ, ಪ್ರೀತಿಯಿಂದ ಕೊಟ್ಟ ಒಂದು ಎಳನೀರು ಜೀವಕ್ಕೇ ಅಪಾಯ ತರಬಲ್ಲದು.

ಈಗ ಇದನ್ನು ನಮ್ಮ ವಾರಕ್ಕೆ ಹಚ್ಚಿ ನೋಡಿ. ವಾರಕ್ಕೆ ಎರಡು ಸಲ, ಸೋಮವಾರ ಮತ್ತು ಗುರುವಾರ. ಒಂದು ಬಿಡುವು ಮೂರು ದಿನ, ಇನ್ನೊಂದು ನಾಲ್ಕು ದಿನ. ಅಮೆರಿಕದ ರೋಗಿಗೆ ವಾರದ ಅತಿ ಅಪಾಯದ ಬಿಡುವು ಯಾವುದೋ ಅದು ನಮ್ಮ ರೋಗಿಯ ಚಿಕ್ಕ ಬಿಡುವು. ನಮ್ಮವರ ದೊಡ್ಡ ಬಿಡುವು ಆ ಅಧ್ಯಯನದ ವೇಳಾಪಟ್ಟಿಯಲ್ಲೇ ಇಲ್ಲ.

ಎರಡು ಅಂದರೆ ಯಾವಾಗಲೂ ಅನ್ಯಾಯವೇ?

ಅಲ್ಲ. ಇಲ್ಲಿ ಸ್ವಲ್ಪ ನಿಧಾನಿಸಬೇಕು. ಮೂರು ಎಂಬ ಸಂಖ್ಯೆ ಯಾವುದೋ ದೊಡ್ಡ ಪ್ರಯೋಗದಲ್ಲಿ ಸಾಬೀತಾಗಿ ಬಂದದ್ದಲ್ಲ. 1960ರ ದಶಕದ ವೈದ್ಯರು ರೋಗಿಗಳನ್ನು ನೋಡುತ್ತಾ ನೋಡುತ್ತಾ, ಅನುಭವದಿಂದ ಅಲ್ಲಿಗೆ ಬಂದು ನಿಂತರು. ಡಯಾಲಿಸಿಸ್ ಶುರು ಮಾಡುವ ಹೊತ್ತಿಗೆ ಕೆಲವರ ಕಿಡ್ನಿ ಇನ್ನೂ ಅಷ್ಟಿಷ್ಟು ಕೆಲಸ ಮಾಡುತ್ತಿರುತ್ತದೆ, ದಿನಕ್ಕೆ ಅರ್ಧ ಲೀಟರೋ ಮುಕ್ಕಾಲು ಲೀಟರೋ ಮೂತ್ರ ಹೋಗುತ್ತಿರುತ್ತದೆ. ಅಂಥವರಿಗೆ ವಾರಕ್ಕೆ ಎರಡರಿಂದ ಶುರು ಮಾಡಿ, ಮೂತ್ರ ಕಡಿಮೆಯಾದ ಹಾಗೆ ಮೂರಕ್ಕೆ ಏರಿಸುವ ಕ್ರಮವನ್ನು ಹಲವು ನೆಫ್ರಾಲಜಿಸ್ಟ್‌ಗಳು ಒಪ್ಪುತ್ತಾರೆ.

ಹಾಗೆಯೇ, ಡಯಾಲಿಸಿಸ್ ಬೇಗ ಶುರು ಮಾಡಿದಷ್ಟೂ ಒಳ್ಳೆಯದು ಅನ್ನುವುದೂ ನಿಜವಲ್ಲ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನಲ್ಲಿ 828 ರೋಗಿಗಳ ಮೇಲೆ ನಡೆದ 'ಐಡಿಯಲ್' ಪ್ರಯೋಗ 2010ರಲ್ಲಿ ಪ್ರಕಟವಾಯಿತು. ಬೇಗ ಶುರು ಮಾಡಿದ ಗುಂಪಿನಲ್ಲಿ ಶೇ. 37.6, ಕಾದು ಶುರು ಮಾಡಿದ ಗುಂಪಿನಲ್ಲಿ ಶೇ. 36.6 ಸಾವು. ವ್ಯತ್ಯಾಸವೇ ಇಲ್ಲ ಅನ್ನಬಹುದು. ಕಾಯುವ ಗುಂಪಿನ ಮುಕ್ಕಾಲು ಪಾಲು ಜನ ತೊಂದರೆ ಕಾಣಿಸಿಕೊಂಡಿದ್ದರಿಂದ ಗೊತ್ತುಪಡಿಸಿದ ಮಟ್ಟಕ್ಕಿಂತ ಮೊದಲೇ ಶುರು ಮಾಡಬೇಕಾಯಿತು ಅನ್ನುವುದನ್ನೂ ಮರೆಯಬಾರದು. ಪಾಠ ಇಷ್ಟು: ಕ್ರಿಯಾಟಿನಿನ್ ಸಂಖ್ಯೆ ಒಂದನ್ನೇ ನೋಡಿ ಹೆದರಿ ಯಂತ್ರಕ್ಕೆ ಓಡಬೇಕಿಲ್ಲ, ರೋಗಿಯನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುವ ವೈದ್ಯರು ಬೇಕು.

ಆದ್ದರಿಂದ ತಕರಾರು ಎರಡು ಎಂಬ ಸಂಖ್ಯೆಯ ಮೇಲಲ್ಲ. ಅದನ್ನು ತೀರ್ಮಾನಿಸಿದ್ದು ಯಾವುದು ಅನ್ನುವುದರ ಮೇಲೆ. ದಿನದ ಮೂತ್ರ ಅಳೆದು, ತೂಕ ನೋಡಿ, ರಕ್ತ ಪರೀಕ್ಷೆ ಮಾಡಿ ನೆಫ್ರಾಲಜಿಸ್ಟ್ ಎರಡು ಸಾಕು ಅಂದರೆ ಅದು ಚಿಕಿತ್ಸೆ. ಸ್ಲಾಟ್ ಇಲ್ಲ, ದುಡ್ಡಿಲ್ಲ ಅಂತ ಎರಡಾದರೆ ಅದು ರೇಷನ್.

ಒಂದು ಯಂತ್ರ, 18 ಸೀಟು

ಈ ರೇಷನ್ ಹೇಗೆ ನಡೆಯುತ್ತದೆ? ಒಂದು ಯಂತ್ರ ದಿನಕ್ಕೆ ಮೂರು ಶಿಫ್ಟ್, ವಾರಕ್ಕೆ ಆರು ದಿನ ಓಡಿತು ಅಂದುಕೊಳ್ಳಿ. ವಾರಕ್ಕೆ 18 ಸ್ಲಾಟ್. ಒಬ್ಬೊಬ್ಬರಿಗೆ ಮೂರು ಕೊಟ್ಟರೆ 6 ರೋಗಿಗಳು. ಎರಡೇ ಕೊಟ್ಟರೆ 9 ರೋಗಿಗಳು. ಒಂದು ಹೊಸ ಯಂತ್ರ ತರದೆ, ಒಬ್ಬ ಹೊಸ ಟೆಕ್ನಿಷಿಯನ್ ನೇಮಿಸದೆ 'ಫಲಾನುಭವಿ'ಗಳ ಸಂಖ್ಯೆ ಒಂದೂವರೆ ಪಟ್ಟು ಏರಿತು! ಜಾಹೀರಾತಿನಲ್ಲಿ ಹಾಕಲು ಇದಕ್ಕಿಂತ ಒಳ್ಳೆಯ ಅಂಕಿ ಬೇಕೆ?

ದೇಶದ ಮಟ್ಟದಲ್ಲೂ ಅಷ್ಟೇ. ಬಜೆಟ್ ಭಾಷಣದ 3.4 ಕೋಟಿಯ ಬೇಡಿಕೆ, ವಾರಕ್ಕೆ ಎರಡರ ಲೆಕ್ಕದಲ್ಲಿ ಸುಮಾರು 2.3 ಕೋಟಿಗೆ ಇಳಿಯುತ್ತದೆ. ಏನೂ ಮಾಡದೆ ಕೊರತೆಯಲ್ಲಿ 1.1 ಕೋಟಿ ಡಯಾಲಿಸಿಸ್ ಮಾಯ.

ಇದನ್ನು ಆಸ್ಪತ್ರೆಯ ಸಿಬ್ಬಂದಿಯ ಕೆಟ್ಟತನ ಅಂದುಕೊಳ್ಳಬೇಡಿ. ಆರು ಜನರಿಗೆ ಸರಿಯಾಗಿ ಮಾಡಿ ಏಳನೆಯವರನ್ನು ಬಾಗಿಲಿಂದಲೇ ಕಳಿಸುವುದಾ, ಒಂಬತ್ತು ಜನರಿಗೂ ಅಷ್ಟಷ್ಟು ಹಂಚುವುದಾ? ಈ ಪ್ರಶ್ನೆ ತಾಲ್ಲೂಕು ಆಸ್ಪತ್ರೆಯ ಟೆಕ್ನಿಷಿಯನ್ ಉತ್ತರಿಸಬೇಕಾದದ್ದೇ ಅಲ್ಲ.

ಇಂಥ ಪ್ರಶ್ನೆಗೆ ಬಹಿರಂಗವಾಗಿ ಉತ್ತರ ಕೊಡಲು ಹೋದ ಊರು ಸಿಯಾಟಲ್. ಬೆಲ್ಡಿಂಗ್ ಸ್ಕ್ರಿಬ್ನರ್ ಎಂಬ ವೈದ್ಯ 1960ರಲ್ಲಿ ರೋಗಿಯ ತೋಳಿಗೆ ಶಾಶ್ವತವಾಗಿ ಟೆಫ್ಲಾನ್ ಕೊಳವೆ ಜೋಡಿಸುವ ವಿಧಾನ ಕಂಡುಹಿಡಿದರು. ಅದರಿಂದ ತಿಂಗಳು, ವರ್ಷಗಟ್ಟಲೆ ಡಯಾಲಿಸಿಸ್ ಸಾಧ್ಯವಾಯಿತು. ಆದರೆ ಯಂತ್ರಗಳು ಕೆಲವೇ. ಯಾರಿಗೆ ಕೊಡಬೇಕು ಅಂತ ಆರಿಸಲು ಒಬ್ಬ ವಕೀಲ, ಒಬ್ಬ ಪಾದ್ರಿ, ಒಬ್ಬ ಬ್ಯಾಂಕರ್, ಒಬ್ಬ ಗೃಹಿಣಿ, ಒಬ್ಬ ಕಾರ್ಮಿಕ ನಾಯಕ ಹೀಗೆ ಏಳು ಜನರ ಸಮಿತಿ ಕೂತಿತು. ಅವರು ಅರ್ಜಿದಾರರ ಆದಾಯ, ಸಂಸಾರ, ಚರ್ಚಿಗೆ ಹೋಗುವ ರೂಢಿಯನ್ನೂ ನೋಡುತ್ತಿದ್ದರು. 1962ರಲ್ಲಿ ಪತ್ರಕರ್ತೆ ಶಾನಾ ಅಲೆಕ್ಸಾಂಡರ್ ಇದನ್ನು 'ಲೈಫ್' ಪತ್ರಿಕೆಯಲ್ಲಿ ಬರೆದಾಗ ದೇಶವೇ ಬೆಚ್ಚಿತು. ವಾದ ವಿವಾದ ಹತ್ತು ವರ್ಷ ನಡೆಯಿತು. 1971ರಲ್ಲಿ ಶೆಪ್ ಗ್ಲೇಜರ್ ಎಂಬ ರೋಗಿ ಅಮೆರಿಕದ ಸಂಸದೀಯ ಸಮಿತಿಯ ಎದುರೇ ಡಯಾಲಿಸಿಸ್ ಮಾಡಿಸಿಕೊಂಡು ತೋರಿಸಿದರು. 1972ರಲ್ಲಿ ಕಾನೂನಾಯಿತು. ಕಿಡ್ನಿ ಪೂರ್ತಿ ಕೈಕೊಟ್ಟ ಬಹುತೇಕ ಎಲ್ಲರ ಚಿಕಿತ್ಸೆಯ ಖರ್ಚನ್ನೂ ಸರ್ಕಾರದ ಮೆಡಿಕೇರ್ ವಿಮೆ ಹೊತ್ತುಕೊಂಡಿತು.

ನಮ್ಮಲ್ಲಿ ಅಂಥ ಸಮಿತಿ ಇಲ್ಲ, ನಿಜ. ಆದರೆ ಆಯ್ಕೆ ನಡೆಯುತ್ತಲೇ ಇದೆ. ಯಾರ ಕೈಯಲ್ಲಿ ದುಡ್ಡಿದೆ, ಯಾರ ಊರಿಗೆ ಬೆಳಗಿನ ಬಸ್ಸಿದೆ, ಯಾರ ಮನೆಯಲ್ಲಿ ಜತೆಗೆ ಬರುವವರಿದ್ದಾರೆ ಅನ್ನುವುದೇ ನಮ್ಮ ಸಮಿತಿ. ಅದರ ತೀರ್ಮಾನ ಯಾವ ಪತ್ರಿಕೆಯಲ್ಲೂ ಬರುವುದಿಲ್ಲ.

ಉಚಿತ ಡಯಾಲಿಸಿಸ್ ಪೂರ್ತಿ ಉಚಿತವಲ್ಲ

ಕೇಂದ್ರದ ಯೋಜನೆ ಖಾಸಗಿ ಸಹಭಾಗಿತ್ವದ್ದು. ಯಂತ್ರ, ಆರ್‌ಒ ಘಟಕ, ಸಿಬ್ಬಂದಿ ಖಾಸಗಿಯವರದ್ದು. ಜಾಗ, ಕರೆಂಟು, ನೀರು ಮತ್ತು ಬಡ ರೋಗಿಗಳ ಡಯಾಲಿಸಿಸ್ ಶುಲ್ಕ ಸರ್ಕಾರದ್ದು. ನಾಲ್ಕು ಗಂಟೆಯ ಒಂದು ಡಯಾಲಿಸಿಸ್‌ಗೆ ನಿಮಿಷಕ್ಕೆ ಅರ್ಧ ಲೀಟರಿನಂತೆ 120 ಲೀಟರ್ ಶುದ್ಧೀಕರಿಸಿದ ನೀರು ಬೇಕು. ಆರ್‌ಒದಲ್ಲಿ ವ್ಯರ್ಥವಾಗುವ ನೀರು ಬೇರೆ. ಬೇಸಿಗೆಯಲ್ಲಿ ಟ್ಯಾಂಕರ್ ತರಿಸುವ ತಾಲ್ಲೂಕಿನಲ್ಲಿ ಇದು ಸಣ್ಣ ಮಾತಲ್ಲ. ಏಜೆನ್ಸಿ ಸಂಬಳ ಕೊಡದೆ ಡಯಾಲಿಸಿಸ್ ಸಿಬ್ಬಂದಿ ಮುಷ್ಕರಕ್ಕೆ ಇಳಿದದ್ದನ್ನೂ ಕರ್ನಾಟಕ ನೋಡಿದೆ. ಬೇರೆ ಸರ್ಕಾರಿ ಸೇವೆ ಒಂದು ವಾರ ನಿಂತರೆ ಜನಕ್ಕೆ ತೊಂದರೆ. ಡಯಾಲಿಸಿಸ್ ಒಂದು ವಾರ ನಿಂತರೆ ಹೆಣ ಬೀಳುತ್ತದೆ.

ರೋಗಿಯ ಕಡೆಯಿಂದ ನೋಡಿ. ಹಳ್ಳಿಯಿಂದ ತಾಲ್ಲೂಕು ಆಸ್ಪತ್ರೆಗೆ ಹೋಗಿ, ಸರದಿ ಕಾದು, ನಾಲ್ಕು ಗಂಟೆ ಮಲಗಿ, ಸುಸ್ತಾಗಿ ವಾಪಸ್ ಬರುವಷ್ಟರಲ್ಲಿ ದಿನ ಮುಗಿದಿರುತ್ತದೆ. ಜತೆಗೆ ಹೋದವರ ಕೂಲಿಯೂ ಹೋಯಿತು. ವಾರಕ್ಕೆ ಮೂರು ಅಂದರೆ ಇಬ್ಬರಿಂದ ಆರು ದಿನದ ದುಡಿಮೆ ನಷ್ಟ. ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನ ಖರ್ಚು ತಪ್ಪಿದೆ. ಗಂಡಸರಿಗೆ ಅದೂ ಇದೆ. ಹಿಮೋಗ್ಲೋಬಿನ್ ಏರಿಸುವ ಎರಿಥ್ರೋಪೊಯೆಟಿನ್ ಇಂಜೆಕ್ಷನ್, ತೋಳಿನಲ್ಲಿ ಫಿಸ್ಟುಲಾ ಮಾಡುವ ಆಪರೇಷನ್, ಪದೇ ಪದೇ ರಕ್ತ ಪರೀಕ್ಷೆ ಇವೆಲ್ಲ ಆಸ್ಪತ್ರೆಯಲ್ಲಿ ಸಿಗದಿದ್ದರೆ ಹೊರಗಿನ ಬಿಲ್ಲು. ಹಾಗಾಗಿ ಸ್ಲಾಟ್ ಇದ್ದರೂ ಕೆಲವರು ತಾವಾಗಿಯೇ ಒಂದು ಸಲ ತಪ್ಪಿಸುತ್ತಾರೆ. ರಿಜಿಸ್ಟರಿನಲ್ಲಿ ಅದು 'ರೋಗಿ ಗೈರು'.

ಕಸಿ ಮಾಡಿಸಬಹುದಲ್ಲ ಅನ್ನುತ್ತೀರಾ? ಖಂಡಿತ ಅದೇ ಉತ್ತಮ ಚಿಕಿತ್ಸೆ. ಆದರೆ ನಮ್ಮಲ್ಲಿ ಹೆಚ್ಚಿನ ಕಿಡ್ನಿಗಳು ಬದುಕಿರುವ ಸಂಬಂಧಿಕರಿಂದಲೇ ಬರಬೇಕು. ಅಲ್ಲಿಯೂ ಕೊಡುವವರಲ್ಲಿ ಹೆಂಗಸರೇ ಹೆಚ್ಚು, ಪಡೆಯುವವರಲ್ಲಿ ಗಂಡಸರೇ ಹೆಚ್ಚು. ಅದೇ ಒಂದು ಪ್ರತ್ಯೇಕ ಲೇಖನದ ವಿಷಯ.

ಆಸ್ಪತ್ರೆಗೆ ಓಡದ ದಾರಿ

ಇನ್ನೊಂದು ಬಗೆಯ ಡಯಾಲಿಸಿಸ್ ಇದೆ, ಪೆರಿಟೋನಿಯಲ್ ಡಯಾಲಿಸಿಸ್. ಹೊಟ್ಟೆಯೊಳಗಿನ ಪೊರೆಯೇ ಇಲ್ಲಿ ಜರಡಿ. ಹೊಟ್ಟೆಗೆ ಹಾಕಿದ ಕೊಳವೆಯ ಮೂಲಕ ಎರಡು ಲೀಟರ್ ದ್ರಾವಣ ಒಳಗೆ ಬಿಟ್ಟು, ಕೆಲವು ಗಂಟೆ ಬಿಟ್ಟು ಹೊರತೆಗೆಯಬೇಕು. ದಿನಕ್ಕೆ ಮೂರು ನಾಲ್ಕು ಸಲ, ಮನೆಯಲ್ಲೇ. ಯಂತ್ರ ಬೇಡ, ಕರೆಂಟು ಬೇಡ, ಬಸ್ ಬೇಡ. ದಿನವೂ ನಡೆಯುವುದರಿಂದ ಮೂರು ನಾಲ್ಕು ದಿನದ ಬಿಡುವಿನ ಅಪಾಯವೂ ಇಲ್ಲ. ಆದರೆ ಕೈ ಶುಚಿ ಇರಬೇಕು, ಇಲ್ಲದಿದ್ದರೆ ಹೊಟ್ಟೆಯಲ್ಲಿ ಸೋಂಕಾಗುತ್ತದೆ. ಬ್ಯಾಗುಗಳು ತಪ್ಪದೆ ಮನೆಗೆ ತಲುಪಬೇಕು.

ಹಾಂಕಾಂಗ್ 1985ರಿಂದ ಇದಕ್ಕೇ ಮೊದಲ ಆದ್ಯತೆ ಕೊಟ್ಟಿದೆ. ಥಾಯ್ಲೆಂಡ್ 2008ರಲ್ಲಿ ತನ್ನ ಸಾರ್ವತ್ರಿಕ ಆರೋಗ್ಯ ಯೋಜನೆಯಡಿ ಇದೇ ದಾರಿ ಹಿಡಿದು, ಹಳ್ಳಿಯ ಬಡವರಿಗೂ ಡಯಾಲಿಸಿಸ್ ತಲುಪಿಸಿತು. 2022ರಲ್ಲಿ ಆಯ್ಕೆಯನ್ನು ರೋಗಿಗಳಿಗೆ ಬಿಟ್ಟಾಗ ಬಹಳ ಜನ ಯಂತ್ರದ ಕಡೆ ಹೊರಳಿದರು, ಸರ್ಕಾರದ ಖರ್ಚೂ ಏರಿತು. ಭಾರತ 2019ರಲ್ಲಿ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಪೆರಿಟೋನಿಯಲ್ ಡಯಾಲಿಸಿಸ್ ಸೇರಿಸುವ ಮಾರ್ಗಸೂಚಿ ತಂದಿತು. ಆದರೂ ಇಲ್ಲಿ ಡಯಾಲಿಸಿಸ್ ಅಂದರೆ ಇವತ್ತಿಗೂ ಯಂತ್ರವೇ. ಹೊಸ ಯಂತ್ರಕ್ಕೆ ರಿಬ್ಬನ್ ಕತ್ತರಿಸಬಹುದು. ಮನೆಗೆ ಹೋಗುವ ದ್ರಾವಣದ ಬ್ಯಾಗಿಗೆ ಯಾರು ರಿಬ್ಬನ್ ಕಟ್ಟುತ್ತಾರೆ?

ಯಂತ್ರದ ತನಕ ಬರದ ಹಾಗೆ

ಕಿಡ್ನಿ ಕೆಡಲು ನಮ್ಮಲ್ಲಿ ದೊಡ್ಡ ಕಾರಣಗಳು ಶುಗರ್ ಮತ್ತು ಬಿಪಿ. ಐಸಿಎಂಆರ್‌ನ 2023ರ ಅಧ್ಯಯನದ ಅಂದಾಜಿನಲ್ಲಿ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹ, 31.5 ಕೋಟಿ ಜನರಿಗೆ ಅಧಿಕ ರಕ್ತದೊತ್ತಡ ಇದೆ. ಕಿಡ್ನಿ ಅರ್ಧದಷ್ಟು ಹಾಳಾಗುವ ತನಕ ಕ್ರಿಯಾಟಿನಿನ್ ಅಷ್ಟಾಗಿ ಏರುವುದಿಲ್ಲ, ನೋವೂ ಇರುವುದಿಲ್ಲ. ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಸೋರುತ್ತಿದೆಯೇ ಅಂತ ನೋಡಿದರೆ ಬಹಳ ಮೊದಲೇ ಗೊತ್ತಾಗುತ್ತದೆ. ಶುಗರ್ ಇರುವವರಿಗೆ ವರ್ಷಕ್ಕೊಮ್ಮೆ ಈ ಪರೀಕ್ಷೆ ಆಗಲೇಬೇಕು.

ಗೊತ್ತಾದರೆ ಏನು ಮಾಡಬಹುದು ಅನ್ನುವುದಕ್ಕೆ ಈಗ ಗಟ್ಟಿ ಉತ್ತರ ಇದೆ. ಸಕ್ಕರೆ ಕಾಯಿಲೆಗೆ ಬಂದ ಡಾಪಾಗ್ಲಿಫ್ಲೋಜಿನ್ ಎಂಬ ಮಾತ್ರೆಯನ್ನು 4,304 ಕಿಡ್ನಿ ರೋಗಿಗಳಲ್ಲಿ ಪರೀಕ್ಷಿಸಿದರು, ಶುಗರ್ ಇಲ್ಲದವರೂ ಅದರಲ್ಲಿದ್ದರು. 2020ರಲ್ಲಿ ಬಂದ ಫಲಿತಾಂಶ: ಕಿಡ್ನಿ ತೀವ್ರವಾಗಿ ಕುಸಿಯುವುದು, ಕೈಕೊಡುವುದು ಅಥವಾ ಕಿಡ್ನಿ ಇಲ್ಲವೇ ಹೃದಯದ ಕಾಯಿಲೆಯಿಂದ ಸಾಯುವುದು ಖಾಲಿ ಮಾತ್ರೆಯವರಲ್ಲಿ ಶೇ. 14.5, ಔಷಧಿಯವರಲ್ಲಿ ಶೇ. 9.2. ಅದೇ ಗುಂಪಿನ ಎಂಪಾಗ್ಲಿಫ್ಲೋಜಿನ್ 6,609 ರೋಗಿಗಳಲ್ಲಿ ಇಂಥದೇ ಲಾಭ ತೋರಿಸಿತು.

ಎಲ್ಲಕ್ಕಿಂತ ದೊಡ್ಡ ಸುದ್ದಿ ಬೆಲೆಯದ್ದು. ಭಾರತದಲ್ಲಿ ಡಾಪಾಗ್ಲಿಫ್ಲೋಜಿನ್ ಪೇಟೆಂಟ್ 2020ರಲ್ಲಿ, ಎಂಪಾಗ್ಲಿಫ್ಲೋಜಿನ್‌ದು 2025ರ ಮಾರ್ಚ್‌ನಲ್ಲಿ ಮುಗಿಯಿತು. 60 ರೂಪಾಯಿ ಆಸುಪಾಸಿನಲ್ಲಿದ್ದ ಎಂಪಾಗ್ಲಿಫ್ಲೋಜಿನ್ ಮಾತ್ರೆ ಈಗ ಕೆಲವು ಕಂಪನಿಗಳಿಂದ 10 ರೂಪಾಯಿ ಒಳಗೇ ಸಿಗುತ್ತದೆ. ಎಲ್ಲರಿಗೂ ಹೊಂದುವ ಮಾತ್ರೆ ಅಲ್ಲ ಇದು, ವೈದ್ಯರು ನೋಡಿಯೇ ಕೊಡಬೇಕು. ಆದರೆ ದಿನಕ್ಕೆ 10 ರೂಪಾಯಿ ಅಂದರೂ ವರ್ಷಕ್ಕೆ 3,650 ರೂಪಾಯಿ. ಡಯಾಲಿಸಿಸ್‌ಗೆ ಸರ್ಕಾರದ್ದೇ ಹಳೆಯ ಲೆಕ್ಕದಲ್ಲಿ 3 ಲಕ್ಷ.

ಹಾಗಾದರೆ ಏನು ಕೇಳಬೇಕು?

2010ರಲ್ಲಿ ಜಗತ್ತಿನಲ್ಲಿ 26 ಲಕ್ಷ ಜನ ಡಯಾಲಿಸಿಸ್ ಅಥವಾ ಕಸಿಯಿಂದ ಬದುಕುತ್ತಿದ್ದರು; ಕನಿಷ್ಠ 22.8 ಲಕ್ಷ ಜನ ಅದು ಸಿಗದೆ ಅಕಾಲದಲ್ಲಿ ಸತ್ತಿರಬಹುದು ಅಂತ 2015ರಲ್ಲಿ 'ಲ್ಯಾನ್ಸೆಟ್'ನಲ್ಲಿ ಬಂದ ಅಧ್ಯಯನ ಅಂದಾಜಿಸಿತು. ಇಲ್ಲೊಂದು ಸೂಕ್ಷ್ಮ ಇದೆ. ವಾರಕ್ಕೆ ಎರಡೋ ಒಂದೋ ಪಡೆದು ಬೇಗ ತೀರಿಕೊಂಡವರು ಇಂಥ ಲೆಕ್ಕದಲ್ಲಿ ಚಿಕಿತ್ಸೆ 'ಸಿಕ್ಕವರು'.

ಅಮೆರಿಕದಲ್ಲಿ ಡಯಾಲಿಸಿಸ್ ರೋಗಿಗಳ ರಾಷ್ಟ್ರೀಯ ದಾಖಲೆ ಪ್ರತಿ ವರ್ಷ ಪ್ರಕಟವಾಗುತ್ತದೆ. ಯಾವ ದಿನ ಸಾವು ಹೆಚ್ಚು ಅಂತ ಫೋಲಿಗೆ ಗೊತ್ತಾಗಿದ್ದು ಪ್ರತಿ ರೋಗಿಯ ದಾಖಲೆ ಇಟ್ಟಿದ್ದರಿಂದಲೇ. ನಮ್ಮ ಸರ್ಕಾರಗಳು ಹೇಳುವುದು ಎರಡೇ ಅಂಕಿ: ಒಟ್ಟು ರೋಗಿಗಳು, ಒಟ್ಟು ಡಯಾಲಿಸಿಸ್‌ಗಳು. ಮುಂದಿನ ಸಲ ಅಂಥ ಪ್ರಕಟಣೆ ಕಂಡರೆ ಒಂದನ್ನು ಇನ್ನೊಂದರಿಂದ ಭಾಗಿಸಿ ನೋಡಿ. ನಡುವೆ ಸೇರಿದವರು, ಬಿಟ್ಟವರು ಇರುವುದರಿಂದ ಉತ್ತರ ಕರಾರುವಾಕ್ಕಾಗಿ ಇರುವುದಿಲ್ಲ. ಆದರೆ 156ರಿಂದ ಎಷ್ಟು ದೂರ ಇದ್ದೇವೆ ಅನ್ನುವುದು ಗೊತ್ತಾಗುತ್ತದೆ.

ಉಳಿದದ್ದಕ್ಕೆ ಮಾಹಿತಿ ಹಕ್ಕು ಅರ್ಜಿ ಇದೆ. ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಐದು ಪ್ರಶ್ನೆ ಹಾಕಿ: ಕಳೆದ ವರ್ಷ ಎಷ್ಟು ರೋಗಿಗಳಿಗೆ ವಾರಕ್ಕೆ ಮೂರು, ಎಷ್ಟು ಜನರಿಗೆ ಎರಡು, ಎಷ್ಟು ಜನರಿಗೆ ಒಂದು ಡಯಾಲಿಸಿಸ್ ಆಯಿತು? ಎಷ್ಟು ಡಯಾಲಿಸಿಸ್‌ಗಳು ನಾಲ್ಕು ಗಂಟೆಗಿಂತ ಮೊದಲೇ ಮುಗಿದವು? ಕಾಯುವ ಪಟ್ಟಿಯಲ್ಲಿ ಎಷ್ಟು ಜನ ಇದ್ದಾರೆ? ನೆಫ್ರಾಲಜಿಸ್ಟ್ ತಿಂಗಳಿಗೆ ಎಷ್ಟು ಸಲ ಬರುತ್ತಾರೆ? ಬರುವುದನ್ನು ನಿಲ್ಲಿಸಿದ ರೋಗಿಗಳು ಎಷ್ಟು, ಅವರಲ್ಲಿ ಬದುಕಿರುವವರು ಎಷ್ಟು?

ರೋಗಿಗಳ ಹೆಸರು ಕೇಳಬೇಡಿ, ಸಂಖ್ಯೆ ಸಾಕು. "ಮಾಹಿತಿ ಲಭ್ಯವಿಲ್ಲ" ಅಂತ ಉತ್ತರ ಬಂದರೆ ಅದನ್ನೂ ಜೋಪಾನವಾಗಿ ಇಟ್ಟುಕೊಳ್ಳಿ. ಕೊನೆಯ ಪ್ರಶ್ನೆಗೆ ಆ ಉತ್ತರ ಬರುವ ಸಾಧ್ಯತೆಯೇ ಹೆಚ್ಚು. ಶಾಸಕರ ಮುಂದೆ ಇಡಬೇಕಾದ ಮೊದಲ ಕಾಗದ ಅದೇ.